ನುಗ್ಗೆಸೊಪ್ಪಿಗೆ ಇಂಥದ್ದೊಂದು ಶಕ್ತಿಯೇ!

ಕಾಯಿತುರಿ ಹಾಕಿ ಪಲ್ಯ ಮಾಡುವ ನುಗ್ಗೆಸೊಪ್ಪು ಮಣಿಪಾಲದ ಪ್ರಯೋಗಾಲಯದಲ್ಲಿ ಏನು ಮಾಡಿ ತೋರಿಸಿದೆ ಗೊತ್ತೇ? ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸಂಶೋಧಕರು ಇನ್ನೂ ಪ್ರಾಯಕ್ಕೆ ಬಾರದ ಗಂಡು ಇಲಿಗಳಿಗೆ ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧ ಕೊಟ್ಟರು. ಅದು ವೀರ್ಯಾಣು ಹುಟ್ಟುವ ಮೂಲಕೋಶಗಳಿಗೇ ಪೆಟ್ಟು ಕೊಡುವ ಔಷಧ. ಆದರೆ ಜೊತೆಯಲ್ಲಿ ನುಗ್ಗೆ ಎಲೆಯ ಸಾರವೂ ಸಿಕ್ಕ ಇಲಿಗಳಲ್ಲಿ ಆ ಕೋಶಗಳ ಡಿಎನ್‌ಎಗೆ ಆದ ಹಾನಿ ಕಡಿಮೆ! 2016ರಲ್ಲಿ ಪ್ರಕಟವಾದ ಫಲಿತಾಂಶವಿದು. ಉಡುಪಿ, ಕಾಪು, ಕಾರ್ಕಳದ ಹಿತ್ತಿಲುಗಳಲ್ಲಿ ಬೆಳೆಯುವ ಮರದ ಎಲೆ!

ಪುರುಷನ ದೇಹವೇ ಒಂದು ಬೆರಗು. ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣುಗಳು ತಯಾರಾಗುತ್ತವೆ. ಒಂದೊಂದೂ ರೂಪುಗೊಳ್ಳಲು ಸುಮಾರು 74 ದಿನ ಬೇಕು. ಅದರ ತೆಳುಪೊರೆಯಲ್ಲಿ ಬೇಗ ಕೆಡುವ ಕೊಬ್ಬು ತುಂಬಿದೆ. ಕಡಲಗಾಳಿಗೆ ನಮ್ಮ ಕಿಟಕಿಯ ಸರಳು ತುಕ್ಕು ಹಿಡಿಯುವ ಹಾಗೆ ಆ ಪೊರೆ ಆಮ್ಲಜನಕದ ಉಗ್ರ ಕಣಗಳಿಗೆ ಸಿಕ್ಕಿ ಹಾಳಾಗುತ್ತದೆ. ನುಗ್ಗೆಸೊಪ್ಪಿನಲ್ಲಿರುವ ಆಂಟಿ ಆಕ್ಸಿಡೆಂಟ್‌ಗಳು ಅಡ್ಡಗಟ್ಟುವುದು ಈ ತುಕ್ಕನ್ನೇ.

ಊಟ-ತಿಂಡಿಗೆ ಬೆರೆಸುವ ಕೃತಕ ಬಣ್ಣಗಳ ವಿಷಯವೂ ಬರುವುದು ಇಲ್ಲಿಯೇ. ಟಾರ್ಟ್ರಜೀನ್ ಎಂಬ ಹಳದಿ ಬಣ್ಣವನ್ನೂ ಟೇಸ್ಟಿಂಗ್ ಪೌಡರನ್ನೂ ಇಲಿಗಳಿಗೆ ಭಾರೀ ಪ್ರಮಾಣದಲ್ಲಿ ಕೊಟ್ಟಾಗ ವೃಷಣದಲ್ಲಿ ಇಂಥದೇ ಹಾನಿ ಕಂಡಿದೆ. ನಾವು ತಟ್ಟೆಯಲ್ಲಿ ತಿನ್ನುವುದು ಅಷ್ಟು ಪ್ರಮಾಣವಲ್ಲ, ನಿಜ. ಆದರೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಬಣ್ಣವಿತ್ತು! ಬಾಂಬೆ ಮಿಠಾಯಿಯ ಗುಲಾಬಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಸರ್ಕಾರ ಅದನ್ನು ನಿಷೇಧಿಸಿದ್ದು ಸರಿಯಾದ ಕೆಲಸ.

ನುಗ್ಗೆ ಒಂದೇ ಅಲ್ಲ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದ ಪುಡಿಯಿಂದ ಮಕ್ಕಳಾಗದ ಗಂಡಸರ ವೀರ್ಯದ ಗುಣಮಟ್ಟ ಸುಧಾರಿಸಿದ್ದನ್ನು ಲಖನೌದ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ ಎಂಬ ಅಂಗವೇ ಪುರುಷರ ವೀರ್ಯಶಕ್ತಿಗೆ ಮೀಸಲು!

ಆದರೂ ಒಂದು ಮಾತು ಸ್ಪಷ್ಟವಿರಲಿ. ಮಣಿಪಾಲದ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಅದೂ ಕ್ಯಾನ್ಸರ್ ಔಷಧದ ಎದುರು. ಗೋಬಿಯ ಬಣ್ಣದ ಎದುರಲ್ಲ. ಪಲ್ಯ ತಿಂದರೆ ಬಣ್ಣದ ವಿಷ ಇಳಿಯುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ಬಣ್ಣ ತಿನ್ನದಿರುವುದೇ ಮೊದಲ ಮದ್ದು.

ಹಾಗಾಗಿ ಕಾಪು ಬೀಚಿನಲ್ಲಿರಲಿ, ಕಾರ್ಕಳದ ಅತ್ತೂರು ಜಾತ್ರೆಯಲ್ಲಿರಲಿ, ಕಣ್ಣು ಕುಕ್ಕುವ ಕೆಂಪು ಕಂಡರೆ ಬಣ್ಣ ಹಾಕದ್ದನ್ನೇ ಕೇಳಿ. ಮದುವೆಯಾಗಿ ವರ್ಷ ಪ್ರಯತ್ನಿಸಿದರೂ ಮಗುವಾಗದಿದ್ದರೆ ಹೆಂಡತಿಯನ್ನು ಮಾತ್ರ ಆಸ್ಪತ್ರೆಗೆ ಕಳಿಸಬೇಡಿ. ಗಂಡನೂ ಹೋಗಿ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಲಿ. ನಸುಗುನ್ನಿ, ಅಶ್ವಗಂಧದಂಥ ಮದ್ದು ಬೇಕೆನಿಸಿದರೆ ಪ್ರಮಾಣ ಬಲ್ಲ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ನುಗ್ಗೆಸೊಪ್ಪಿನ ಪಲ್ಯಕ್ಕೆ ಮಾತ್ರ ಯಾರ ಚೀಟಿಯೂ ಬೇಡ.