ಮಾದಾಪುರದ ಮಳೆಯಲ್ಲೂ ಆ್ಯಪ್ ತೆರೆಯಬೇಕಲ್ಲ!

ಬೆಂಗಳೂರಿನ ಆಫೀಸ್ ವೈಫೈನಲ್ಲಿ ಚಕ್ಕನೆ ತೆರೆಯುವ ಆ್ಯಪ್, ಜುಲೈ ತಿಂಗಳ ಮಾದಾಪುರದಲ್ಲೂ ಹಾಗೇ ತೆರೆಯುತ್ತಾ? ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಕೈಕೊಡೋದು ಮಾಮೂಲು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಾದಾಪುರ ರಸ್ತೆ ಹಾಳಾದಾಗ, ಹಲವೆಡೆ ಫೋನ್ ಸಂಪರ್ಕವೂ ಇರಲಿಲ್ಲ. ಅಂಥ ಹೊತ್ತಲ್ಲಿ ಒಂದು ಮೆಸೇಜ್ ಹೋಗುವುದೇ ದೊಡ್ಡದು. ಹಾಗಾಗಿ ಸಿಮ್ಯುಲೇಟರ್ ಆರಿಸುವಾಗ ‘ಯಾವುದು ಫಾಸ್ಟ್?’ ಅಂತ ಕೇಳುವ ಮೊದಲು, ‘ಬಳಸುವವರ ಕಷ್ಟ ಯಾವುದರಲ್ಲಿ ಕಾಣುತ್ತೆ?’ ಅಂತ ಕೇಳಿಕೊಳ್ಳಿ.

ಆಂಡ್ರಾಯ್ಡ್ ಎಮ್ಯುಲೇಟರ್: ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಉಚಿತವಾಗಿ ಸಿಗುತ್ತೆ. ಇದರಿಂದಲೇ ಶುರು ಮಾಡಿ. ಕಡಿಮೆ ರ್‍ಯಾಮ್‌ನ ಫೋನ್ ಸೃಷ್ಟಿಸಿ, ನೆಟ್‌ವರ್ಕನ್ನು ಎಡ್ಜ್‌ಗೆ ಇಳಿಸಿ, ಸಿಗ್ನಲ್ ಕುಗ್ಗಿಸಿ, ಬ್ಯಾಟರಿ ಶೇ. 5 ಅಂತ ಇಡಿ. ಜಿಪಿಎಸ್‌ನಲ್ಲಿ ಮಾದಾಪುರವನ್ನೇ ತೋರಿಸಬಹುದು.

ಐಫೋನ್ ಸಿಮ್ಯುಲೇಟರ್: ಮ್ಯಾಕ್ ಇಲ್ಲದೆ ನಡೆಯಲ್ಲ. ಇದು ಮ್ಯಾಕ್‌ನ ಪ್ರೊಸೆಸರನ್ನೇ ಬಳಸೋದರಿಂದ ಅದರ ವೇಗ ನೋಡಿ ಮರುಳಾಗಬೇಡಿ. ನೆಟ್ ನಿಧಾನ ಮಾಡಲು ಆ್ಯಪಲ್‌ನದ್ದೇ ನೆಟ್‌ವರ್ಕ್ ಲಿಂಕ್ ಕಂಡೀಷನರ್ ಬೇರೆಯಾಗಿ ಹಾಕಿಕೊಳ್ಳಬೇಕು.

ಫೈರ್‌ಬೇಸ್ ಟೆಸ್ಟ್ ಲ್ಯಾಬ್: ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿದ್ದರೆ ಇದು ಅನುಕೂಲ. ಆ್ಯಪನ್ನು ಗೂಗಲ್‌ನ ಡೇಟಾ ಸೆಂಟರ್‌ನಲ್ಲಿರುವ ನಿಜವಾದ ಫೋನ್‌ಗಳಲ್ಲೇ ಓಡಿಸಿ ನೋಡುತ್ತೆ. ಬೇರೆ ಬೇರೆ ಮಾಡೆಲ್‌ಗಳನ್ನು ಪರೀಕ್ಷಿಸಲು ಒಳ್ಳೆಯದು. ಆದರೆ ಮಳೆಗಾಲದ ಮಾದಾಪುರ ಅಲ್ಲಿ ಸಿಗಲ್ಲ.

ಕೊನೆಯ ಪರೀಕ್ಷೆ ಮಾತ್ರ ಕಡಿಮೆ ಬೆಲೆಯ ನಿಜ ಫೋನಿನಲ್ಲೇ ಆಗಲಿ. ಫಾರ್ಮ್ ತುಂಬಿ, ಕಳಿಸುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ. ಬರೆದದ್ದು ಅಳಿಸಿಹೋಗದೆ, ನೆಟ್ ಬಂದ ಕೂಡಲೇ ತಾನಾಗಿ ಹೋದರೆ ನಿಮ್ಮ ಆ್ಯಪ್ ಪಾಸ್!