ಹಳೆ ಗೇಮಿಂಗ್ ಪಿಸಿ: ಅಪ್‌ಗ್ರೇಡ್ ಮಾಡೋದಾ, ಹೊಸದೇ ತಗೊಳ್ಳೋದಾ?

ನನ್ನ ತಮ್ಮ ಫೋನಿನಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಮಾತಾಡೋನಲ್ಲ. ‘ಊಟ ಆಯ್ತಾ? ಅಮ್ಮ ಹೇಗಿದಾಳೆ? ಸರಿ ಇಡ್ತೀನಿ’ ಅಷ್ಟೇ. ಆದರೆ ಭಾನುವಾರ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೌಂಟರ್ ಸ್ಟ್ರೈಕ್ ಆಡೋಕೆ ಕೂತರೆ ಎರಡು ಗಂಟೆ ಮಾತಾಡ್ತಾನೆ. ಅಲ್ಲಿನ ಚಳಿ, ರೂಮ್‌ಮೇಟ್ ಕಿರಿಕಿರಿ, ಪರೀಕ್ಷೆಯ ಭಯ ಎಲ್ಲಾ ಗೊತ್ತಾಗೋದು ಆಗಲೇ. ಅವನು ಓದೋಕೆ ಜರ್ಮನಿಗೆ ಹೋದ ಮೇಲೆ ನಮ್ಮಿಬ್ಬರಿಗೆ ಉಳಿದಿರೋ ಜಗಲಿಕಟ್ಟೆ ಅಂದ್ರೆ ಅದೊಂದೇ.

2023ರ ಸೆಪ್ಟೆಂಬರ್‌ನಲ್ಲಿ ಹಳೆ ಆವೃತ್ತಿಯ ಜಾಗಕ್ಕೆ ಕೌಂಟರ್ ಸ್ಟ್ರೈಕ್ 2 ಬಂತು. ಅಲ್ಲಿಂದ ನನ್ನ ಪಿಸಿ ಏದುಸಿರು ಬಿಡೋಕೆ ಶುರು ಮಾಡಿತು. 2017ರಲ್ಲಿ ಉಳಿಸಿದ ಸಂಬಳದಲ್ಲಿ ಜೋಡಿಸಿಕೊಂಡಿದ್ದು ಅದು. ಇಂಟೆಲ್ ಐ5-7400 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಆಗ ನಮ್ಮ ಕೆ.ಆರ್. ಪುರದ ಬೀದಿಯಲ್ಲೇ ನಾನು ರಾಜ! ಈಗ ಯಾರಾದ್ರೂ ಹೊಗೆ ಬಾಂಬ್ ಎಸೆದರೆ ಪರದೆ ಅರೆಕ್ಷಣ ನಿಲ್ಲುತ್ತೆ, ಮತ್ತೆ ಚಲಿಸೋ ಹೊತ್ತಿಗೆ ನಾನು ಸತ್ತಿರ್ತೀನಿ. ‘ಅಣ್ಣಾ, ಅದನ್ನ ಬಿಸಾಕಿ ಹೊಸದು ತಗೋ’ ಅಂತ ತಮ್ಮ. ಹೊಸದು ಅಂದ್ರೆ ಲೆಕ್ಕ ಲಕ್ಷದ ಹತ್ತಿರ ಹೋಗುತ್ತೆ. ಮನೆ ಬಾಡಿಗೆ, ಬೈಕಿನ ಇಎಂಐ ಕಳೆದು ಉಳಿಯೋದರಲ್ಲಿ ಅದು ಸಣ್ಣ ಮಾತಲ್ಲ.

ನಿಮ್ಮ ಮನೆಯ ಮೂಲೆಯಲ್ಲೂ ಇಂಥದ್ದೊಂದು ಡಬ್ಬ ಇದ್ದರೆ, ನಾನು ಕಲಿತಿದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಕಾಯಿಲೆ ಯಾವುದು ನೋಡಿ

ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಕೇಳಿದೆ. ಪಿಸಿ ಆನ್ ಕೂಡ ಮಾಡದೆ, ‘ಗ್ರಾಫಿಕ್ಸ್ ಕಾರ್ಡ್ ಹಳೇದು ಸರ್, ಚೇಂಜ್ ಮಾಡಿ’ ಅಂದ್ರು. ಸುಮಾರು 30 ಸಾವಿರದ ಸಲಹೆ. ಇನ್ನೇನು ಗೂಗಲ್ ಪೇ ತೆಗೀಬೇಕು, ಅಷ್ಟರಲ್ಲಿ ಹಲಸೂರಿನ ಗೆಳೆಯ ತಡೆದ. ‘ಟಾಸ್ಕ್ ಮ್ಯಾನೇಜರ್ ನೋಡಿದ್ಯಾ?’

ನೋಡಿರಲಿಲ್ಲ. ಇದಕ್ಕೆ ಕಾಸು ಖರ್ಚಿಲ್ಲ. ಗೇಮ್ ಆಡುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ಪುಟ ತೆರೆದು ಹತ್ತು ನಿಮಿಷ ಗಮನಿಸಿ. ಗ್ರಾಫಿಕ್ಸ್ ಕಾರ್ಡ್ 95–100%ರಲ್ಲಿದ್ದು ಪ್ರೊಸೆಸರ್ ಆರಾಮಾಗಿದ್ದರೆ, ಬದಲಿಸಬೇಕಾದ್ದು ಕಾರ್ಡ್. ಪ್ರೊಸೆಸರ್ 100% ಮುಟ್ಟಿ ಕಾರ್ಡ್ ಸುಮ್ಮನೆ ಕೂತಿದ್ದರೆ, ಹೊಸ ಕಾರ್ಡ್ ತಂದರೂ ಪ್ರಯೋಜನ ಇಲ್ಲ. ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ರ‍್ಯಾಮ್. ಗೇಮ್ ಇನ್ನೂ ತಿರುಗುವ ಹಾರ್ಡ್ ಡಿಸ್ಕ್‌ನಲ್ಲೇ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ.

ನನ್ನದರಲ್ಲಿ ಪ್ರೊಸೆಸರ್ 100%, ಕಾರ್ಡ್ 60%. ಐ5-7400ರಲ್ಲಿ ಇರೋದು ನಾಲ್ಕು ಕೋರ್, ನಾಲ್ಕೇ ಥ್ರೆಡ್. ಇಂದಿನ ಗೇಮ್‌ಗಳಿಗೆ ಸಾಲದು. ಆ ಅಂಗಡಿಯ ಮಾತು ಕೇಳಿದ್ದರೆ 30 ಸಾವಿರ ಹೋಗಿ, ಹೊಗೆ ಬಾಂಬ್ ಬಿದ್ದಾಗ ಪರದೆ ಹಾಗೇ ನಿಂತಿರೋದು.

ಇನ್ನೊಂದು ಮಾತು. ಅಳೆಯೋ ಮುಂಚೆ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೀರಿ. ನಮ್ಮ ಕಡೆ ರಸ್ತೆ ಅಗೆತ, ಮೆಟ್ರೊ ಕೆಲಸ ಎಲ್ಲಾ ಸೇರಿ ಫ್ಯಾನ್ ಮೇಲೆ ಕಂಬಳಿ ಹೊದಿಸಿದಷ್ಟು ಧೂಳಿತ್ತು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಬಿಸಿ ಹೆಚ್ಚಾದರೆ ಚಿಪ್ ತಾನಾಗೇ ವೇಗ ಇಳಿಸಿಕೊಳ್ಳುತ್ತೆ. ಎಷ್ಟೋ ಜನರ ಸಮಸ್ಯೆ ಇನ್ನೂರು ಮುನ್ನೂರು ರೂಪಾಯಿ ಪೇಸ್ಟ್‌ನಲ್ಲೇ ಮುಗಿಯಬಹುದು. ನನ್ನದು ಮುಗೀಲಿಲ್ಲ, ಫ್ಯಾನಿನ ಸದ್ದು ಮಾತ್ರ ಕಮ್ಮಿ ಆಯ್ತು.

ನಿರ್ಧಾರ ಮದರ್‌ಬೋರ್ಡ್‌ದು

ಪಿಸಿ ಎಷ್ಟು ವರ್ಷ ಹಳೇದು ಅನ್ನೋದಕ್ಕಿಂತ, ಅದರ ಮದರ್‌ಬೋರ್ಡ್‌ಗೆ ಮುಂದೆ ದಾರಿ ಇದೆಯಾ ಅನ್ನೋದು ಮುಖ್ಯ.

ಗೆಳೆಯನದು 2018ರ ಪಿಸಿ, ರೈಜನ್ 5 2600, ಬಿ450 ಬೋರ್ಡ್. ಅದು ಎಎಂಡಿಯ ಎಎಂ4 ಸಾಕೆಟ್. 2016ರಲ್ಲಿ ಬಂದ ಈ ಸಾಕೆಟ್‌ಗೆ ಎಎಂಡಿ ವರ್ಷಗಟ್ಟಲೆ ಹೊಸ ಚಿಪ್ ಕೊಡ್ತಾನೇ ಬಂತು. ಅವನು ಬಯೋಸ್ ಅಪ್‌ಡೇಟ್ ಮಾಡಿ ರೈಜನ್ 5 5600 ಕೂರಿಸಿದ, ಅಷ್ಟೇ. ಬೋರ್ಡ್ ಅದೇ, ರ‍್ಯಾಮ್ ಅದೇ. ಅರ್ಧ ದಿನದ ಕೆಲಸ. ಎರಡು ಎಚ್ಚರ: ಹಳೆ ಚಿಪ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ. ಮತ್ತೆ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ನನ್ನದು ಇಂಟೆಲ್ 7ನೇ ತಲೆಮಾರು. 2017ರ ಕೊನೆಗೆ ಬಂದ 8ನೇ ತಲೆಮಾರಿನ ಚಿಪ್ ನೋಡೋಕೆ ಅದೇ ಸಾಕೆಟ್, ಆದರೆ ನನ್ನ ಬೋರ್ಡ್‌ನಲ್ಲಿ ಕೆಲಸ ಮಾಡಲ್ಲ. ಸೆಕೆಂಡ್ ಹ್ಯಾಂಡ್ ಐ7-7700 ಹುಡುಕಬಹುದಿತ್ತು. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಸಿಗೋ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೂ ಒಂದು ವರ್ಷದ ಗಡುವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಜೊತೆಗೆ ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರು ಅಥವಾ ರೈಜನ್ 2000 ಸರಣಿಯಾದರೂ ಬೇಕು. ಅಲ್ಲಿಗೆ ನನ್ನ ಬೋರ್ಡಿನ ದಾರಿ ಮುಗಿದಿತ್ತು.

ಹಾಗಂತ ಎಲ್ಲಾ ಬಿಸಾಕಬೇಕಾ?

ಶಿವಾಜಿನಗರದ ಗುಜರಿ ಬೀದಿಗೆ ಹೋದವರಿಗೆ ಗೊತ್ತು, ಅಲ್ಲಿ ಹಳೆ ಕಾರು ಇಡಿಯಾಗಿ ಸಾಯಲ್ಲ. ಬಾಗಿಲು ಒಬ್ಬರಿಗೆ, ಗೇರ್‌ಬಾಕ್ಸ್ ಇನ್ನೊಬ್ಬರಿಗೆ ಹೋಗುತ್ತೆ. ಪಿಸಿನೂ ಹಾಗೇ ಬಿಡಿಬಿಡಿಯಾಗಿ ನೋಡಬೇಕು.

ನನ್ನ ಹಳೆ ಪಿಸಿಯ ರ‍್ಯಾಮ್ ಡಿಡಿಆರ್4. ಇವತ್ತಿಗೆ ಅದು ಸಣ್ಣ ಆಸ್ತಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನ ಬಾಚಿಕೊಳ್ತಿರೋದೇ ಮುಖ್ಯ ಕಾರಣ. ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ, ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ವ್ಯಾಪಾರದಿಂದಲೇ ಹೊರಬರೋದಾಗಿ ಘೋಷಿಸಿತು. ಹೊಸ ಪಿಸಿ ಅಂದ್ರೆ ಈಗ ಸಾಮಾನ್ಯವಾಗಿ ಡಿಡಿಆರ್5. ಆ ದುಬಾರಿ ರ‍್ಯಾಮನ್ನೂ ಹೊಸದಾಗಿ ಕೊಳ್ಳಬೇಕು.

ಅದಕ್ಕೇ ಡಿಡಿಆರ್4 ಹಿಡಿಯೋ ಎಎಂ4 ಬೋರ್ಡನ್ನೇ ಹುಡುಕಿದೆ. ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್‌.ಪಿ. ರೋಡ್ ನಡೆಯೋ ದೂರ. ನಾಲ್ಕು ಅಂಗಡಿಯಲ್ಲಿ ಬೆಲೆ ಕೇಳಿ, ಬಿ550 ಬೋರ್ಡ್, ರೈಜನ್ 5 5600 ತಗೊಂಡೆ. ಎಂಟು ವರ್ಷ ದುಡಿದ ಎಸ್‌ಎಂಪಿಎಸ್ ಮೇಲೆ ಮಾತ್ರ ಧೈರ್ಯ ಬರಲಿಲ್ಲ. ಅದು ಕೆಟ್ಟರೆ ಪಕ್ಕದವರನ್ನೂ ಕರ್ಕೊಂಡು ಹೋಗಬಹುದು. ಅದನ್ನೂ ಹೊಸದು ಹಾಕಿದೆ. ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರ್, ರ‍್ಯಾಮ್, ಹಳೆ 1060 ಕಾರ್ಡ್ ಎಲ್ಲಾ ಉಳೀತು. ಒಟ್ಟು ಖರ್ಚು 25 ಸಾವಿರದ ಆಸುಪಾಸು. ಲಕ್ಷದ ಕಾಲು ಭಾಗ.

ಬೋರ್ಡ್ ಬದಲಿಸುವವರಿಗೆ ಎರಡು ಮಾತು. ಮೊದಲು ಫೋಟೊ, ಫೈಲ್ ಬ್ಯಾಕಪ್ ಮಾಡಿ, ಆಮೇಲೆ ವಿಂಡೋಸ್ ಹೊಸದಾಗಿ ಹಾಕೋದು ಒಳ್ಳೇದು. ಪಿಸಿ ಜೊತೆಗೇ ಬಂದ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಬೋರ್ಡ್‌ಗೆ ಅಂಟಿಕೊಂಡಿರುತ್ತೆ. ಹೊಸ ಲೈಸೆನ್ಸ್ ಬೇಕಾದರೆ ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಯಾವಾಗ ಹೊಸದೇ ಸರಿ?

ರ‍್ಯಾಮ್ ಡಿಡಿಆರ್3 ಆಗಿದ್ದರೆ ಉಳಿಸಿಕೊಳ್ಳೋಕೆ ಹೆಚ್ಚೇನೂ ಇಲ್ಲ. ಬೋರ್ಡ್, ಕಾರ್ಡ್, ಎಸ್‌ಎಂಪಿಎಸ್ ಮೂರೂ ಒಟ್ಟಿಗೆ ಬದಲಾಗಬೇಕು, ಖರ್ಚು ಹೊಸದರ ಅರ್ಧ ದಾಟುತ್ತೆ ಅಂದ್ರೂ ಹೊಸದೇ ವಾಸಿ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಬೆಸುಗೆ ಹಾಕಿರೋದೇ ಹೆಚ್ಚು. ರ‍್ಯಾಮ್, ಎಸ್‌ಎಸ್‌ಡಿ ಬಿಟ್ಟು ಬೇರೆ ದಾರಿ ಕಡಿಮೆ.

ಏನು ಆಡ್ತೀರಿ ಅನ್ನೋದೂ ಮುಖ್ಯ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್‌ಗೆ, 2025ರ ಡೂಮ್‌: ದಿ ಡಾರ್ಕ್ ಏಜಸ್‌ಗೆ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇರಲೇಬೇಕು. ನನ್ನ 1060ರಲ್ಲಿ ಅದು ಇಲ್ಲ. 10 ಸರಣಿಯ ಕಾರ್ಡ್‌ಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಬೆಂಬಲವನ್ನೂ ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಹೊಸ ಗೇಮ್ ಹುಚ್ಚಿದ್ದರೆ ನಾನು ಕಾರ್ಡನ್ನೂ ಬದಲಿಸಬೇಕಿತ್ತು. ನನಗೆ ಬೇಕಾಗಿದ್ದು ಒಂದೇ ಗೇಮ್, ವಾರಕ್ಕೊಂದು ರಾತ್ರಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳೋದಾದರೆ ಬಿಲ್ ಕೇಳಿ, ಸೀರಿಯಲ್ ನಂಬರ್ ತಾಳೆ ನೋಡಿ, ಕಣ್ಣೆದುರೇ ಅರ್ಧ ಗಂಟೆ ಗೇಮ್ ಓಡಿಸಿ. ‘ಆನ್ ಆಯ್ತಲ್ಲ ಸರ್’ ಅನ್ನೋದು ಪರೀಕ್ಷೆ ಅಲ್ಲ.

ಉಳಿದ ಭಾಗ ಏನು ಮಾಡೋದು?

ನನ್ನ ಹಳೆ ಬೋರ್ಡ್, ಐ5 ಚಿಪ್ ಈಗ ಚಿಕ್ಕಪ್ಪನ ಮಗಳ ಮನೇಲಿವೆ. ಲಿನಕ್ಸ್ ಹಾಕಿಕೊಟ್ಟೆ. ಅವಳ ಕಾಲೇಜಿನ ಕೋಡಿಂಗ್‌ಗೆ ಅಷ್ಟು ಧಾರಾಳ. ಹಳೆ ಎಸ್‌ಎಂಪಿಎಸ್ ಮಾತ್ರ ಯಾರಿಗೂ ಕೊಡಲಿಲ್ಲ, ಇ-ತ್ಯಾಜ್ಯಕ್ಕೆ ಹಾಕಿದೆ. ಇಂಥವನ್ನ ಕಸದ ಗಾಡಿಗೆ ಎಸೀಬೇಡಿ, ಸರ್ಕಾರದ ಪರವಾನಗಿ ಇರುವ ಇ-ತ್ಯಾಜ್ಯ ಘಟಕಕ್ಕೆ ತಲುಪಿಸಿ. ಡಿಸ್ಕ್ ಕೊಡೋದಿದ್ದರೆ ಮೊದಲು ಪೂರ್ತಿ ಅಳಿಸಿ.

ಪಿಸಿ ಜೋಡಿಸಿ ಮುಗಿಸಿದ ಭಾನುವಾರ ರಾತ್ರಿ ಒಂಬತ್ತೂವರೆಗೆ ಲಾಗಿನ್ ಆದೆ. ಹೊಗೆ ಬಾಂಬ್ ಬಿತ್ತು, ಪರದೆ ನಿಲ್ಲಲಿಲ್ಲ. ಆದ್ರೂ ಸತ್ತೆ. ‘ಈಗ ಪಿಸಿ ಮೇಲೆ ಹಾಕೋ ಹಾಗಿಲ್ಲ ಅಣ್ಣಾ’ ಅಂತ ತಮ್ಮ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ನಿಂಗೊಂದು ವಿಷಯ ಹೇಳ್ಬೇಕಿತ್ತು’ ಅಂದ. ಆ ರಾತ್ರಿ ನಾವು ಲಾಗೌಟ್ ಆದಾಗ ಹನ್ನೆರಡೂವರೆ.

ನಿಮ್ಮ ಹಳೆ ಪಿಸಿಗೆ ನೀವೇನು ಮಾಡಿದ್ರಿ? ಉಳಿಸಿಕೊಂಡ್ರಾ, ಬದಲಿಸಿದ್ರಾ? ಓದುಗರ ಅಂಕಣಕ್ಕೆ ಬರೆದು ಕಳಿಸಿ.