ಶೇಂಗಾ ಕಾಳಿನಲ್ಲಿ ಅಡಗಿದ ತುಣುಕು

ಕೋಸಗಿ, ಆದವಾನಿ ಸೀಮೆಯವರಿಗೆ ಶೇಂಗಾ ಎಂದರೆ ಎಣ್ಣೆಯ ಬೆಳೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಗಳಿಗೆ. ಆ ಹಿಂಡಿಯ ಸುಮಾರು ಅರ್ಧ ಭಾಗ ಪ್ರೋಟೀನ್. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ಜಿಮ್‌ಶೀನಾ ಮತ್ತು ಲಲಿತಾ ಗೌಡ ಅವರು ಶೇಂಗಾದ ಪ್ರೋಟೀನಿನೊಳಗೆ ರಕ್ತದೊತ್ತಡಕ್ಕೆ ಸಂಬಂಧಿಸಿದ ತುಣುಕುಗಳನ್ನು ಹುಡುಕಿ, 2010ರಲ್ಲಿ ಪ್ರಕಟಿಸಿದರು.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಸರ ಕಡಿದಾಗ ಸಿಗುವ ಗಿಡ್ಡ ತುಣುಕೇ ಪೆಪ್ಟೈಡ್. ನಮ್ಮ ಮೈಯಲ್ಲಿ ಏಸ್ ಎಂಬ ಕಿಣ್ವವಿದೆ. ಅದು ಹತ್ತು ಮಣಿಗಳ ಆಂಜಿಯೊಟೆನ್ಸಿನ್-1ರ ತುದಿಯಿಂದ ಎರಡು ಮಣಿ ಕತ್ತರಿಸುತ್ತದೆ. ಉಳಿದ ಎಂಟು ಮಣಿಗಳ ಸರ ರಕ್ತನಾಳಗಳನ್ನು ಬಿಗಿಸಿ ಒತ್ತಡ ಏರಿಸುತ್ತದೆ. ಒತ್ತಡ ಏರದಿರಲು ಏಸ್ ಎಂಬ ಈ ಕತ್ತರಿಯ ಬಾಯಿಗೆ ಸಿಕ್ಕಿ ಅದನ್ನು ತಡೆಹಿಡಿಯಬಲ್ಲ ಪೆಪ್ಟೈಡ್ ಬೇಕು. ಬ್ರೆಜಿಲ್‌ನ ಹಾವೊಂದರ ವಿಷದಲ್ಲಿ ಅಂಥ ಪೆಪ್ಟೈಡುಗಳು ಸಿಕ್ಕಿದ್ದವು. ಆ ಸುಳಿವಿನಿಂದಲೇ ಕ್ಯಾಪ್ಟೊಪ್ರಿಲ್ ಎಂಬ ಗುಳಿಗೆ ಹುಟ್ಟಿತು.

ಬೀಜದಲ್ಲಿ ಹುಡುಕುವ ಕೆಲಸ ನಿಧಾನದ್ದು. ಮೊದಲು ಕಾಳನ್ನು ಪುಡಿಮಾಡಿ, ಹೆಕ್ಸೇನ್ ದ್ರಾವಕದಿಂದ ಎಣ್ಣೆಯನ್ನು ಪೂರ್ತಿ ತೊಳೆಯುತ್ತಾರೆ. ಪುಡಿಯ ಪ್ರೋಟೀನನ್ನು ದ್ರಾವಣದಲ್ಲಿ ಕರಗಿಸಿ, ಅದರಲ್ಲಿ ಅರಾಕಿನ್ ಎಂಬ ಮುಖ್ಯ ಪ್ರೋಟೀನನ್ನು ಬೇರ್ಪಡಿಸುತ್ತಾರೆ. ಇದು ಮೊಳಕೆಗೆಂದು ಗಿಡ ಕೂಡಿಟ್ಟ ಬುತ್ತಿ.

ಆಮೇಲೆ ಗಾಜಿನ ಪಾತ್ರೆಯೇ ಹೊಟ್ಟೆಯಾಗುತ್ತದೆ. ದ್ರಾವಣವನ್ನು ಜಠರದಷ್ಟೇ ಹುಳಿ ಮಾಡಿ, 37 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಪೆಪ್ಸಿನ್ ಕಿಣ್ವ ಬೆರೆಸುತ್ತಾರೆ. ಬಳಿಕ ಹುಳಿ ತಗ್ಗಿಸಿ ಕರುಳಿನ ಕಿಣ್ವಗಳನ್ನು ಸೇರಿಸುತ್ತಾರೆ. ಉದ್ದನೆಯ ಸರ ನೂರಾರು ತುಣುಕಾಗುತ್ತದೆ. ತಕ್ಕ ಹೊತ್ತಿಗೆ ಕಾಯಿಸಿ ಕಿಣ್ವಗಳನ್ನು ನಿಲ್ಲಿಸಬೇಕು; ತಡವಾದರೆ ಬೇಕಾದ ತುಣುಕೂ ಕಡಿದುಹೋಗಬಹುದು.

ಈಗ ಪರೀಕ್ಷೆ. ಏಸ್‌ಗೆ ಕತ್ತರಿಸಲೆಂದೇ ತಯಾರಿಸಿದ ಪುಟ್ಟ ಸರವೊಂದನ್ನು ಕೊಡುತ್ತಾರೆ. ಏಸ್ ಅದನ್ನು ಕತ್ತರಿಸಿದಾಗ ಹಿಪ್ಯುರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಇದನ್ನು ಹಳದಿ ಬಣ್ಣವಾಗಿ ಕಾಣಿಸುವ ವಿಧಾನವನ್ನು ಇದೇ ಇಬ್ಬರು 2009ರಲ್ಲಿ ರೂಪಿಸಿದ್ದರು. ಪೆಪ್ಟೈಡ್ ಏಸನ್ನು ತಡೆದಷ್ಟೂ ಹಳದಿ ತೆಳುವಾಗುತ್ತದೆ.

ತುಣುಕುಗಳ ಮಿಶ್ರಣವನ್ನು ಕೊಳವೆಗಳ ಮೂಲಕ ಹಾಯಿಸಿ ಮೊದಲು ಗಾತ್ರದಿಂದ, ಬಳಿಕ ನೀರಿನೊಂದಿಗೆ ಬೆರೆಯುವ ಗುಣದಿಂದ ಬೇರ್ಪಡಿಸುತ್ತಾರೆ. ಹನಿಹನಿಯಾಗಿ ಇಳಿದದ್ದನ್ನು ಸಾಲು ನಳಿಕೆಗಳಲ್ಲಿ ಹಿಡಿದು, ಒಂದೊಂದಕ್ಕೂ ಹಳದಿಯ ಪರೀಕ್ಷೆ ಮಾಡುತ್ತಾರೆ. ಹಳದಿ ಎಲ್ಲಿ ತೆಳುವೋ ಅದನ್ನು ಮತ್ತೆ ಬೇರ್ಪಡಿಸುತ್ತಾರೆ. ಕೊನೆಗೆ ಒಂದೇ ಪೆಪ್ಟೈಡ್ ಉಳಿದಾಗ ಅದರ ಮಣಿಗಳ ಕ್ರಮ ಓದುತ್ತಾರೆ. ಬಾಲದ ತುದಿಯಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಇರುವ ಪೆಪ್ಟೈಡುಗಳು ಹಲವು ಬಾರಿ ಏಸನ್ನು ಚೆನ್ನಾಗಿ ಹಿಡಿಯುತ್ತವೆ. ಓದಿದ ಕ್ರಮದಲ್ಲೇ ಹೊಸದಾಗಿ ಪೆಪ್ಟೈಡ್ ಕಟ್ಟಿ, ಅದೂ ಏಸನ್ನು ತಡೆದರೆ ಮಾತ್ರ ಓದು ಸರಿ ಎಂದು ಒಪ್ಪುತ್ತಾರೆ.

ನಳಿಕೆಯಲ್ಲಿ ಗೆದ್ದ ಪೆಪ್ಟೈಡ್ ಕರುಳು ದಾಟಿ ರಕ್ತ ಸೇರಬೇಕು, ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಪರೀಕ್ಷೆಗೆ ನಿಲ್ಲಬೇಕು. ಆದ್ದರಿಂದ ಬಿಪಿ ಇರುವವರು ಶೇಂಗಾ ನಂಬಿ ಗುಳಿಗೆ ಬಿಡಬಾರದು.